ಕಲ್ಲು ನೆಡುವುದು, ಕಲ್ಲು ನಡೆಸುವುದು: ಚನ್ನಪಟ್ಟಣ ಪರಿಸರದ ಸಾರ್ವಜನಿಕ ಶಿಲ್ಪದ ಚರಿತ್ರೆ

ಕರ್ನಾಟಕದ ಶಿಲ್ಪಕಲೆಯ ಚರಿತ್ರೆಯನ್ನು ಬರೆಯುವಾಗ ವಿದ್ವಾಂಸರು ಸಾಮಾನ್ಯವಾಗಿ ದೇವಾಲಯದ ಗೋಡೆಯಿಂದ ಆರಂಭಿಸುತ್ತಾರೆ. ಬಾದಾಮಿ, ಪಟ್ಟದಕಲ್ಲು, ಬೇಲೂರು, ಹಳೇಬೀಡು, ಹಂಪೆ ಎಂಬ ಕ್ರಮದಲ್ಲಿ ರಾಜವಂಶಗಳ ಜೊತೆಜೊತೆಗೆ ಶೈಲಿಗಳನ್ನು ಗುರುತಿಸುತ್ತ ಹೋಗುವುದು ರೂಢಿ. ಈ ಕ್ರಮದಲ್ಲಿ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ ದೊರೆಯುವ ಸ್ಥಳ ಅಲ್ಪ. ಚನ್ನಪಟ್ಟಣವೆಂದೊಡನೆ ನೆನಪಾಗುವುದು ಅಂಗೈಯಲ್ಲಿ ಹಿಡಿಯಬಹುದಾದ ಅರಗಿನ ಬಣ್ಣದ ಬೊಂಬೆಯೇ ಹೊರತು ಬಯಲಲ್ಲಿ ನಿಂತ ಶಿಲ್ಪವಲ್ಲ. ಆದರೆ ಇಲ್ಲಿಯ ಊರಬಾಗಿಲು, ಅರಳಿಕಟ್ಟೆ, ಕೆರೆಯ ಏರಿ, ಗುಡಿಯ ಅಂಗಳಗಳನ್ನು ಗಮನಿಸಿದರೆ ಸಾವಿರ ವರ್ಷಗಳಿಗೂ ಮೀರಿದ ಒಂದು ಬಯಲ ಶಿಲ್ಪದ ಪರಂಪರೆ ಕಣ್ಣಿಗೆ ಬೀಳುತ್ತದೆ. ಅದರ ಒಡೆತನ ಅರಮನೆಯದೂ ಅಲ್ಲ, ಗರ್ಭಗುಡಿಯದೂ ಅಲ್ಲ, ಊರಿನದು.

ಈ ಪರಂಪರೆಯನ್ನು ಇಂದಿನ ಪ್ರತಿಮೆಗಳ ಎದುರಿಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಶಿಲ್ಪವನ್ನು ಮಾಡಿಸಿದವರು ಯಾರು, ಅದನ್ನು ಎಲ್ಲಿ ನಿಲ್ಲಿಸಿದರು, ನಿಲ್ಲಿಸಿದ ಮೇಲೆ ನೋಡಿಕೊಂಡವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಮುಂದಿಡಲಾಗಿದೆ. ಮೊದಲ ಎರಡು ಪ್ರಶ್ನೆಗಳಿಗೆ ನಮ್ಮ ಅಧ್ಯಯನಗಳಲ್ಲಿ ಉತ್ತರ ಸಿಗುತ್ತದೆ. ಮೂರನೆಯದು ಬಹುಮಟ್ಟಿಗೆ ಉಪೇಕ್ಷಿತವಾಗಿದೆ. ಸಾರ್ವಜನಿಕ ಶಿಲ್ಪದ ಅಳಿವು ಉಳಿವುಗಳನ್ನು ನಿರ್ಧರಿಸುವುದು ಈ ಮೂರನೆಯ ಪ್ರಶ್ನೆಯೇ ಎಂಬುದು ಲೇಖನದ ಪ್ರತಿಪಾದನೆ.

ನೆಲ ಮತ್ತು ಕಲ್ಲು

ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಗೂ ಅನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಸೇರಿದ್ದವು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಬಂದಿತು. ಆಡಳಿತದ ಹೆಸರುಗಳು ಬದಲಾದರೂ ನೆಲದ ಗುಣ ಒಂದೇ. ಭೂವಿಜ್ಞಾನಿಗಳು ಈ ಬೆಟ್ಟಸಾಲಿನ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಇದ್ದ ಹೆಸರು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿದೆ. ರಾಮದೇವರಬೆಟ್ಟ ಮತ್ತು ಸಾವನದುರ್ಗಗಳು ಇದರ ಪ್ರಸಿದ್ಧ ಶಿಖರಗಳು.

ಶಿಲ್ಪಿಯ ದೃಷ್ಟಿಯಿಂದ ಈ ಭೂವಿಜ್ಞಾನಕ್ಕೆ ಮಹತ್ವವಿದೆ. ಹೊಯ್ಸಳ ಶಿಲ್ಪಿಗಳ ಕೈಗೆ ದೊರೆತ ಬಳಪದ ಕಲ್ಲು ನಯವಾದದ್ದು. ಒಡವೆಯ ಎಳೆಗಳನ್ನೂ ಬಳ್ಳಿಯ ಸುರುಳಿಗಳನ್ನೂ ಬಿಡಿಸಲು ಒದಗುವಂಥದ್ದು. ಚನ್ನಪಟ್ಟಣ ಸೀಮೆಯ ಗ್ರಾನೈಟು ದಪ್ಪ ಹರಳಿನ, ಗಡಸು ಶಿಲೆ. ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಸೂಕ್ಷ್ಮವಾಗಿ ಕಂಡರಿಸಹೊರಟರೆ ಹರಳು ಸಿಡಿಯುತ್ತದೆ. ಆದಕಾರಣ ಇಲ್ಲಿಯ ಬಯಲ ಶಿಲ್ಪಗಳಲ್ಲಿ ಆಳವಿಲ್ಲದ ಉಬ್ಬುಕೆತ್ತನೆ, ಒತ್ತಾಗಿ ನಿಂತ ಸರಳ ಆಕೃತಿ, ಅಗಲವಾದ ಚಪ್ಪಡಿಯ ಮೈ ಇವು ಸಾಮಾನ್ಯ ಲಕ್ಷಣಗಳಾದವು. ಇವನ್ನು ಕೌಶಲದ ಕೊರತೆಯೆಂದು ಬಗೆಯುವುದು ಸರಿಯಲ್ಲ. ಮಳೆ ಬಿಸಿಲುಗಳಿಗೆ ಮೈಯೊಡ್ಡಿ ನಿಲ್ಲಬೇಕಾದ ಶಿಲ್ಪಕ್ಕೆ ಇದಕ್ಕಿಂತ ಒಪ್ಪುವ ಕಲ್ಲು ಮತ್ತೊಂದಿಲ್ಲ. ವಸ್ತುವೇ ಇಲ್ಲಿ ಶೈಲಿಯನ್ನು ರೂಪಿಸಿದೆ.

ಶಿಲ್ಪದೊಡನೆ ಬಂದ ಕಟ್ಟಳೆ

ಬಯಲ ಶಿಲ್ಪಗಳಲ್ಲಿ ಅಗ್ರಸ್ಥಾನ ವೀರಗಲ್ಲುಗಳದು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮೊದಲಾದ ಸಂದರ್ಭಗಳಲ್ಲಿ ಹೋರಾಡಿ ಮಡಿದವರ ನೆನಪಿಗೆ ನೆಟ್ಟ ಈ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಸಂಗ್ರಹಿಸಿದರು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಹೊರಬಂದ ತಮ್ಮ ಶಾಸನಾಧ್ಯಯನದಲ್ಲಿ ವೀರರ ಆಚರಣೆಗಳನ್ನು ಸಮಾಜದ ಹಿನ್ನೆಲೆಯಲ್ಲಿಟ್ಟು ವಿವೇಚಿಸಿದರು. 1982ರಲ್ಲಿ ಆರ್. ಶೇಷಶಾಸ್ತ್ರಿಯವರ ಕರ್ನಾಟಕದ ವೀರಗಲ್ಲುಗಳು ಎಂಬ ಗ್ರಂಥ ಬಂದಿತು. ಈ ವಿದ್ವತ್ತಿನ ಅಡಿಗಲ್ಲಿನ ಮೇಲೆ ನಿಂತು ನಾವು ಬೇರೊಂದು ಪ್ರಶ್ನೆಯನ್ನು ಕೇಳಬಹುದು: ಈ ಕಲ್ಲುಗಳು ತಮ್ಮ ಉಳಿವಿಗೆ ಏನು ವ್ಯವಸ್ಥೆ ಮಾಡಿಕೊಂಡಿದ್ದವು?

ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರ ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಆತಕೂರು, ಅಂದರೆ ಇಂದಿನ ಆತಗೂರಿನ ಶಾಸನದಲ್ಲಿದೆ. ಕ್ರಿ.ಶ. 949-50ರ ಈ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗರು ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಸೋಲಿಸಿದ ಸಂಗತಿಗಾಗಿ ಇತಿಹಾಸಕಾರರಿಗೆ ಪರಿಚಿತ. ಆದರೆ ಆ ಕಲ್ಲನ್ನು ನೆಟ್ಟದ್ದು ಯಾವ ಅರಸನಿಗಾಗಿಯೂ ಅಲ್ಲ, ಒಂದು ನಾಯಿಗಾಗಿ. ಯುದ್ಧದಲ್ಲಿ ಮಣಲೆರ ತೋರಿದ ಪರಾಕ್ರಮಕ್ಕೆ ಮೆಚ್ಚಿದ ಬೂತುಗ ಬೇಕಾದುದನ್ನು ಕೇಳೆಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿಗಳ ಕಾದಾಟವನ್ನು ಅದರ ಮೇಲೆ ಕಂಡರಿಸಿಸಿದ.

ನಮಗೆ ಮುಖ್ಯವಾದುದು ಇದರ ನಂತರದ ಭಾಗ. ಕಲ್ಲಿನ ಪೂಜೆಗೆಂದು ಊರ ದೊಡ್ಡ ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟುಕೊಡಲಾಯಿತು. ಆ ಸ್ಥಳವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಗಲುವುದೆಂದು ಶಾಸನ ಎಚ್ಚರಿಸುತ್ತದೆ. ಶಿಲ್ಪವೊಂದನ್ನು ನಿಲ್ಲಿಸುವಾಗಲೇ ಅದರ ನಿತ್ಯದ ಆರೈಕೆಗೆ ಆದಾಯದ ಮೂಲ, ಹೊಣೆಗಾರ, ಹೊಣೆ ತಪ್ಪಿದರೆ ಶಿಕ್ಷೆ ಈ ಮೂರನ್ನೂ ಅದೇ ಕಲ್ಲಿನ ಮೇಲೆ ಬರೆದಿಟ್ಟ ಕ್ರಮ ಇದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ನಿರ್ವಹಣೆಯ ಕರಾರು ಶಿಲ್ಪದ ಅಂಗವೇ ಆಗಿತ್ತು.

ಬೇಗೂರಿನ ನಾಗತ್ತರನ ವೀರಗಲ್ಲು ಈ ವ್ಯವಸ್ಥೆಯ ಮತ್ತೊಂದು ಮುಖವನ್ನು ತೋರಿಸುತ್ತದೆ. ವೀರಮಹೇಂದ್ರನ ಎದುರು ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರ ಮಡಿದ ಮೇಲೆ ಗಂಗ ಎರೆಯಪ್ಪರಸ ಇರುಗನಿಗೆ ಆ ಪದವಿಯನ್ನಿತ್ತು ಬೆಂಪೂರು ಹನ್ನೆರಡು ಗ್ರಾಮಗಳನ್ನು ಕಲ್ನಾಡಾಗಿ ಕೊಟ್ಟ. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಪದಗಳೇ ಸೂಚಿಸುವಂತೆ ಸತ್ತವನ ಕಲ್ಲಿಗೂ ಬದುಕಿದವರ ನೆಲಕ್ಕೂ ನಂಟು ಬೆಸೆದುಕೊಂಡಿತ್ತು. ಕೊಡಗೆಯ ಭೂಮಿಯನ್ನು ಉಳುವ ಮನೆಯವರಿಗೆ ಆ ಕಲ್ಲು ಪೂರ್ವಜನ ಗುರುತೂ ಹೌದು, ತಮ್ಮ ಹಕ್ಕಿನ ಪತ್ರವೂ ಹೌದು. ಅದನ್ನು ಕಾಪಾಡುವುದರಲ್ಲಿ ಭಕ್ತಿಯ ಜೊತೆಗೆ ಸ್ವಹಿತವೂ ಇತ್ತು. ಆತಕೂರು ಮತ್ತು ಬೇಗೂರುಗಳ ಈ ಎರಡು ಕಲ್ಲುಗಳೂ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಅವು ಸುರಕ್ಷಿತವಾಗಿವೆ; ಆದರೆ ಕೆರೆ, ಗುಡಿ, ಗೊರವ, ಕೊಡಗೆಯ ಹೊಲ ಇವು ಯಾವುವೂ ಅವುಗಳ ಸುತ್ತ ಇಲ್ಲ.

ಊರೊಳಗಿನ ಕಲ್ಲುಗಳು

ಶಾಸನವಿಲ್ಲದ ಶಿಲ್ಪಗಳ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಮೇಲೆತ್ತಿದ ತೋಳು, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು ಹೊತ್ತ ಮಾಸ್ತಿಗಲ್ಲು, ಊರು ನೆಲೆಗೊಂಡುದರ ಗುರುತಾಗಿ ಊರಬಾಗಿಲ ಬಳಿ ನೆಟ್ಟು ದನಕರುಗಳ ಕ್ಷೇಮಕ್ಕಾಗಿ ಪೂಜಿಸುವ ಕರುವುಗಲ್ಲು, ದೇವರ ಮಾನ್ಯದ ಎಲ್ಲೆಯನ್ನು ತೋರುವ ಲಿಂಗಮುದ್ರೆ ಮತ್ತು ವಾಮನಮುದ್ರೆಯ ಕಲ್ಲು, ಅರಳಿಕಟ್ಟೆಯ ನಾಗರಕಲ್ಲು. ಇವುಗಳಲ್ಲಿ ಪ್ರತಿಯೊಂದಕ್ಕೂ ನಿಶ್ಚಿತವಾದ ನೆಲೆಯಿದೆ. ಕರುವುಗಲ್ಲನ್ನು ಹೊಲದ ನಡುವೆ ನಿಲ್ಲಿಸಿದರೆ ಅರ್ಥವಿಲ್ಲ, ಎಲ್ಲೆಗಲ್ಲನ್ನು ಕಟ್ಟೆಯ ಮೇಲಿಟ್ಟರೆ ಅದು ಎಲ್ಲೆಗಲ್ಲಾಗಿ ಉಳಿಯುವುದಿಲ್ಲ. ನೆಲೆಯೇ ಶಿಲ್ಪದ ಅರ್ಧ ಅರ್ಥ.

ನಾಗರಕಲ್ಲಿನ ಪ್ರತಿಷ್ಠೆಯ ಕ್ರಮ ಇಲ್ಲಿ ಗಮನಾರ್ಹ. ಸಂತಾನದ ಹರಕೆ ಹೊತ್ತ ಮನೆಯವರು ಕಲ್ಲನ್ನು ಕಂಡರಿಸಲು ಹೇಳುತ್ತಾರೆ. ಸಿದ್ಧವಾದ ಕಲ್ಲನ್ನು ಕೆಲವು ಕಾಲ ಕೊಳದಲ್ಲಿಯೋ ಬಾವಿಯಲ್ಲಿಯೋ ಜಲಾಧಿವಾಸಕ್ಕೆ ಇಟ್ಟು, ಬಳಿಕ ಅರಳಿ ಬೇವುಗಳ ಬುಡದಲ್ಲಿ ನಿಲ್ಲಿಸುತ್ತಾರೆ. ಹರಕೆ ಒಂದು ಮನೆಯದು, ಕಟ್ಟೆ ಊರಿನದು. ಹೀಗೆ ಹತ್ತಾರು ಮನೆಗಳ ಹರಕೆಗಳು ಒಂದೆಡೆ ಸೇರಿ ಊರಿನ ಸಾಮೂಹಿಕ ಶಿಲ್ಪಸಮುಚ್ಚಯವಾಗುತ್ತದೆ. ಯಾವ ಶಿಲ್ಪಿಯೂ ಇದನ್ನು ಒಟ್ಟಾಗಿ ಯೋಜಿಸಿದ್ದಲ್ಲ. ತಲೆಮಾರುಗಳು ಒಂದೊಂದಾಗಿ ಕೂಡಿಸಿದ್ದು. ನಾಗರಪಂಚಮಿ ಮತ್ತು ಷಷ್ಠಿಯಂದು ಹಾಲೆರೆಯುವ ಆಚರಣೆಯೇ ಅದರ ವಾರ್ಷಿಕ ನಿರ್ವಹಣೆ. ಹಾಲೆರೆಯುವ ಮುನ್ನ ಕಲ್ಲನ್ನು ತೊಳೆಯುತ್ತಾರೆ, ಕಟ್ಟೆಯನ್ನು ಸಾರಿಸುತ್ತಾರೆ, ಬಿದ್ದದ್ದನ್ನು ಎತ್ತಿ ನಿಲ್ಲಿಸುತ್ತಾರೆ.

ಭಕ್ತವಿಗ್ರಹದಿಂದ ಪ್ರತಿಮೆಗೆ

ವ್ಯಕ್ತಿಯ ಪ್ರತಿರೂಪವನ್ನು ನಿಲ್ಲಿಸುವ ಕ್ರಮ ಈ ಪ್ರದೇಶದಲ್ಲಿ ಹೇಗೆ ಬದಲಾಯಿತೆಂಬುದನ್ನು ಮಾಗಡಿಯ ಕೆಂಪೇಗೌಡರ ವಂಶದ ನಿದರ್ಶನದಿಂದ ತಿಳಿಯಬಹುದು. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಹಿರಿಯ ಕೆಂಪೇಗೌಡನ ಲೋಹದ ಪ್ರತಿರೂಪವಿದೆ. 17ನೆಯ ಶತಮಾನದ ಆರಂಭಕ್ಕೆ ಸೇರಿದ ಈ ಕೃತಿ ಭಕ್ತವಿಗ್ರಹಗಳ ವರ್ಗಕ್ಕೆ ಸೇರುತ್ತದೆ. ದೇವರ ಸನ್ನಿಧಿಯಲ್ಲಿ ದಾನಿಯಾಗಿ, ಭಕ್ತನಾಗಿ ನಿಲ್ಲುವುದೇ ಅಂದಿನ ನಾಯಕನಿಗೆ ದೊರೆಯಬಹುದಾಗಿದ್ದ ಗೌರವದ ಸ್ಥಾನ. ದೇವಾಲಯದ ನಿತ್ಯಪೂಜೆ ನಡೆಯುವವರೆಗೆ ವಿಗ್ರಹಕ್ಕೂ ಆಶ್ರಯವುಂಟು.

ಪೀಠದ ಮೇಲೆ ಒಂಟಿಯಾಗಿ, ದಾರಿ ಕೂಡುವೆಡೆಯಲ್ಲಿ ನಿಲ್ಲುವ ಪ್ರತಿಮೆ ನಮ್ಮಲ್ಲಿಗೆ ಬಂದದ್ದು ವಸಾಹತು ಕಾಲದಲ್ಲಿ. ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಇದರ ಆರಂಭದ ನಿದರ್ಶನಗಳಲ್ಲಿ ಒಂದು. ಅದನ್ನು ರೂಪಿಸಿದವನು ಥಾಮಸ್ ಬ್ರಾಕ್ ಎಂಬ ಆಂಗ್ಲ ಶಿಲ್ಪಿ. ಸ್ವಾತಂತ್ರ್ಯಾನಂತರ ಈ ಪೀಠದ ಮಾದರಿಯನ್ನು ನಾವು ಉಳಿಸಿಕೊಂಡು, ಅದರ ಮೇಲೆ ನಮ್ಮವರನ್ನು ನಿಲ್ಲಿಸಿದೆವು. 1964ರಲ್ಲಿ ಬೆಂಗಳೂರು ನಗರಪಾಲಿಕೆಯ ಕಚೇರಿಯ ಮುಂದೆ ಕೆಂಪೇಗೌಡರ ಪ್ರತಿಮೆ ಸ್ಥಾಪನೆಯಾಯಿತು. 2022ರ ನವೆಂಬರ್ 11ರಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಆವರಣದಲ್ಲಿ ರಾಮ್ ಸುತಾರ್ ಅವರು ರೂಪಿಸಿದ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. 98 ಟನ್ ಕಂಚು ಹಾಗೂ 120 ಟನ್ ಉಕ್ಕನ್ನು ಇದಕ್ಕೆ ಬಳಸಲಾಗಿದೆ. ಶಿವಗಂಗೆಯ ಭಕ್ತ ಇಲ್ಲಿ ಖಡ್ಗಧಾರಿಯಾದ ನಾಡಪ್ರಭುವಾಗಿದ್ದಾನೆ. ದೇವರ ಎದುರು ನಿಂತಿದ್ದ ವ್ಯಕ್ತಿ ಈಗ ಜನರ ಎದುರು ನಿಂತಿದ್ದಾನೆ.

ಈ ಪ್ರತಿಮೆಯ ಸಂದರ್ಭದಲ್ಲಿ ನಾಡಿನ ಊರೂರುಗಳಿಂದ ಮೃತ್ತಿಕೆ ಮತ್ತು ಜಲವನ್ನು ಸಂಗ್ರಹಿಸಿ ತಂದದ್ದು ಉಲ್ಲೇಖನೀಯ. ಊರವರ ಪಾಲಿಲ್ಲದೆ ಕಲ್ಲು ನೆಡಬಾರದೆಂಬ ಹಳೆಯ ಅರಿವು ಹೊಸ ರೂಪದಲ್ಲಿ ಮರಳಿದಂತೆ ಇದು ತೋರುತ್ತದೆ. ಆದರೆ ಪಾಲ್ಗೊಳ್ಳುವಿಕೆ ಇಲ್ಲಿ ಸ್ಥಾಪನೆಯ ಕಾಲಕ್ಕೆ ಸೀಮಿತ. ಮಣ್ಣು ಕೊಟ್ಟ ಊರಿಗೂ ಪ್ರತಿಮೆಯ ನಾಳೆಗೂ ಸಂಬಂಧ ಉಳಿಯುವುದಿಲ್ಲ. ಅದೇ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಮಂಟಪವನ್ನು ಶಾಸನದ ಆಧಾರದಿಂದ ಗುರುತಿಸಿದ್ದು 2015ರಲ್ಲಿ. ನಾಯಕನ ಪ್ರತಿಮೆಗಳು ನಗರದಲ್ಲಿ ಬೆಳೆಯುತ್ತಿದ್ದ ಅರ್ಧಶತಮಾನ ಕಾಲ ಅವನದೇ ಸೀಮೆಯ ಕಲ್ಲು ಹೊರಜಗತ್ತಿನ ಗಮನಕ್ಕೆ ಬಾರದೆ ನಿಂತಿತ್ತು.

ಮಾಗಡಿ ತಾಲ್ಲೂಕಿನ ವೀರಾಪುರ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಜನ್ಮಸ್ಥಳ. ಅಲ್ಲಿ 111 ಅಡಿ ಎತ್ತರದ ಪ್ರತಿಮೆಯ ಯೋಜನೆಗೆ 2019ರ ನವೆಂಬರ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. ಎತ್ತರವನ್ನು ಅಡಿಗಳಲ್ಲಿ ಘೋಷಿಸುವುದು ಈ ಕಾಲದ ಪ್ರತಿಮೆಗಳ ಸಾಮಾನ್ಯ ಲಕ್ಷಣ. ಹಳೆಯ ಕಲ್ಲುಗಳ ಬರಹದಲ್ಲಿ ಬಿಟ್ಟ ಭೂಮಿಯ ಅಳತೆ ಬರುತ್ತದೆ. ಕಲ್ಲಿನ ಎತ್ತರವನ್ನು ಹೇಳುವ ವಾಡಿಕೆಯಿಲ್ಲ.

ವೃತ್ತದ ಪ್ರತಿಮೆ ಮತ್ತು ಕಾನೂನು

ಮಹಾಪ್ರತಿಮೆಗಳಿಗಿಂತ ಹೆಚ್ಚಾಗಿ ಜನಜೀವನಕ್ಕೆ ಹತ್ತಿರವಾದವು ಊರಿನ ವೃತ್ತಗಳಲ್ಲಿ ನಿಂತ ಪ್ರತಿಮೆಗಳು. ಗಾಂಧೀಜಿ, ಅಂಬೇಡ್ಕರ್, ಬಸವಣ್ಣ, ಕನಕದಾಸ, ವಾಲ್ಮೀಕಿ, ಕುವೆಂಪು, ಕೆಂಪೇಗೌಡ ಮೊದಲಾದವರ ಪ್ರತಿಮೆಗಳನ್ನು ಸಮಿತಿಗಳು ಚಂದಾ ಎತ್ತಿ ನಿಲ್ಲಿಸುತ್ತವೆ. ಇವುಗಳ ಸಾಮಾಜಿಕ ಮಹತ್ವವನ್ನು ಕಡೆಗಣಿಸಲಾಗದು. ಊರ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಹಕ್ಕಿಲ್ಲದಿದ್ದ ಸಮುದಾಯವೊಂದು ತನ್ನ ಕಾಲೋನಿಯ ಮುಂದೆ ಅಂಬೇಡ್ಕರ್ ಪ್ರತಿಮೆಯನ್ನು ನಿಲ್ಲಿಸಿ ವರ್ಷವರ್ಷವೂ ಏಪ್ರಿಲ್ 14ರಂದು ಬಣ್ಣ ಬಳಿದು, ಮಾಲೆ ಹಾಕಿ, ಸಭೆ ಸೇರುವಾಗ ಅಲ್ಲಿ ನಡೆಯುವುದು ಹೊಸದೊಂದು ಕಟ್ಟೆಯ ನಿರ್ಮಾಣ. ವಸ್ತು ಸಿಮೆಂಟೇ ಇರಲಿ, ಫೈಬರ್ ಇರಲಿ, ಆ ಪ್ರತಿಮೆಗೆ ನೋಡಿಕೊಳ್ಳುವವರಿದ್ದಾರೆ. ಹಳೆಯ ಕಟ್ಟಳೆಯ ಸತ್ವ ಇಲ್ಲಿ ಜೀವಂತವಾಗಿದೆ.

ಎಲ್ಲ ಪ್ರತಿಮೆಗಳಿಗೂ ಈ ಭಾಗ್ಯವಿಲ್ಲ. ಅನಾವರಣದ ಫಲಕದಲ್ಲಿ ಉದ್ಘಾಟಕರ, ಅಧ್ಯಕ್ಷರ, ಅತಿಥಿಗಳ ಹೆಸರುಗಳಿರುತ್ತವೆ. ಶಿಲ್ಪಿಯ ಹೆಸರು ಅನೇಕ ವೇಳೆ ಇರುವುದಿಲ್ಲ. ನೋಡಿಕೊಳ್ಳುವವರು ಯಾರೆಂಬುದು ಎಂದೂ ಇರುವುದಿಲ್ಲ. ಆತಕೂರಿನ ಕಲ್ಲಿನ ಬರಹವನ್ನು ಇಂದಿನ ಫಲಕದ ಪಕ್ಕದಲ್ಲಿಟ್ಟರೆ ಸಾವಿರ ವರ್ಷಗಳಲ್ಲಿ ನಾವು ಏನನ್ನು ಕೈಬಿಟ್ಟೆವೆಂಬುದು ತಿಳಿಯುತ್ತದೆ.

ಸರ್ವೋಚ್ಚ ನ್ಯಾಯಾಲಯವು 2013ರ ಜನವರಿ 18ರ ತನ್ನ ಆದೇಶದಲ್ಲಿ ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತು ಸಾರ್ವಜನಿಕ ಬಳಕೆಯ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಬಾರದೆಂದು ರಾಜ್ಯಗಳಿಗೆ ನಿರ್ದೇಶಿಸಿತು. ಸಂಚಾರದ ದೃಷ್ಟಿಯಿಂದ ಇದು ಅಗತ್ಯವಾದ ಆದೇಶ. ಇದರೊಂದಿಗೆ ಶಿಲ್ಪದ ನೆಲೆಯನ್ನು ಕುರಿತ ಪ್ರಶ್ನೆ ಹೊಸದಾಗಿ ಎದ್ದಿದೆ. ರಸ್ತೆ ಶಿಲ್ಪದ ನೆಲೆಯಲ್ಲವಾದರೆ ಉದ್ಯಾನ, ಶಾಲೆಯ ಅಂಗಳ, ಗ್ರಂಥಾಲಯದ ಆವರಣ, ಕೆರೆಯ ದಂಡೆ ಇವೇ ಮುಂದಿನ ನೆಲೆಗಳಾಗಬೇಕು. ನಿಂತು ನೋಡುವುದಕ್ಕೂ ಕುಳಿತು ಮಾತಾಡುವುದಕ್ಕೂ ಅವಕಾಶವಿರುವ ಅರಳಿಕಟ್ಟೆಯ ಗುಣ ಇವಕ್ಕಿದೆ; ವಾಹನಗಳು ಸುತ್ತಿಹೋಗುವ ವೃತ್ತಕ್ಕೆ ಇಲ್ಲ.

ಮೂರು ಮಾರ್ಗಗಳು

ವರ್ತಮಾನದಲ್ಲಿ ಶಿಲ್ಪವನ್ನು ಸಮುದಾಯದ ನಡುವೆ ಉಳಿಸಿಕೊಳ್ಳಲು ಮೂರು ಬಗೆಯ ಪ್ರಯತ್ನಗಳು ಕಾಣುತ್ತವೆ.

ಮೊದಲನೆಯದು ಶ್ರದ್ಧೆಯ ಮಾರ್ಗ. ಚನ್ನಪಟ್ಟಣ ತಾಲ್ಲೂಕಿನ ಗೌಡಗೆರೆಯಲ್ಲಿ 2021ರಲ್ಲಿ ಲೋಕಾರ್ಪಣೆಗೊಂಡ ಚಾಮುಂಡೇಶ್ವರಿಯ ಪಂಚಲೋಹದ ಮೂರ್ತಿ 60 ಅಡಿ ಎತ್ತರದ್ದು, ಹದಿನೆಂಟು ಭುಜಗಳದ್ದು. ಗಾತ್ರದಲ್ಲಿ ಇದು ಮಹಾಪ್ರತಿಮೆಗಳ ಕಾಲಕ್ಕೆ ಸೇರಿದೆ. ಬದುಕಿನ ರೀತಿಯಲ್ಲಿ ಮಾತ್ರ ಹಳೆಯ ಕ್ರಮಕ್ಕೆ ಹತ್ತಿರವಾಗಿದೆ. ಪೂಜೆಗೊಳ್ಳುವ ಬಸವಪ್ಪ ಇರುವ ಈ ಕ್ಷೇತ್ರಕ್ಕೆ ಹರಕೆ ಹೊತ್ತ ಜನ ಬರುತ್ತಾರೆ. ಪೂಜೆ ಇರುವವರೆಗೆ ಮೂರ್ತಿಗೆ ನಿರ್ವಹಣೆಯ ಚಿಂತೆಯಿಲ್ಲ. ಆದರೆ ಲೌಕಿಕ ಶಿಲ್ಪಕ್ಕೆ ಈ ಮಾರ್ಗ ಒದಗುವುದಿಲ್ಲ.

ಎರಡನೆಯದು ಸಂಗ್ರಹದ ಮಾರ್ಗ. ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತಿನ ಆಶ್ರಯದಲ್ಲಿ ರಾಮನಗರದ ಹೆದ್ದಾರಿಯ ಪಕ್ಕದ 15 ಎಕರೆಯಲ್ಲಿ ಜಾನಪದ ಲೋಕ ರೂಪುಗೊಂಡು 1994ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಯ ಶಿಲ್ಪಮಾಳ ಹಳ್ಳಿಗಾಡಿನ ಕಲ್ಲುಗಳಿಗೆ ಬಯಲಲ್ಲೇ ನೆಲೆ ಕೊಟ್ಟಿದೆ. ಗೋಡೆಯೊಳಗಿನ ವಸ್ತುಸಂಗ್ರಹಾಲಯಕ್ಕಿಂತ ಇದು ಶಿಲ್ಪದ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ. ನೆಲೆ ಕಳೆದುಕೊಂಡ ಕಲ್ಲಿಗೆ ಇದು ಉತ್ತಮ ಆಶ್ರಯ. ನೆಲೆಯಿರುವ ಕಲ್ಲನ್ನು ಮಾತ್ರ ಅಲ್ಲಿಂದ ಕದಲಿಸದಿರುವುದೇ ಒಳಿತು.

ಮೂರನೆಯದು ಪುನಃಸ್ಥಾಪನೆಯ ಮಾರ್ಗ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕಾಮಗಾರಿಯ ಅಗೆತದಲ್ಲಿ ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು ಹೊರಬಂದಿತು. ಗಂಗ ಶ್ರೀಪುರುಷನ ಕಾಲದ ಈ ಕಲ್ಲನ್ನು ಸ್ಥಳೀಯ ನಿವಾಸಿಗಳು ಮತ್ತು ಶಾಸನಾಸಕ್ತರು ಮುಂದೆ ನಿಂತು ರಕ್ಷಿಸಿ, ಹೆಬ್ಬಾಳದಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸಿದರು. ಊರಿನ ಕಲ್ಲು ಊರಲ್ಲಿಯೇ ಉಳಿಯಿತು. ನಗರವಾಗಿಬಿಟ್ಟ ಹಳ್ಳಿಯೂ ತನ್ನ ಕಲ್ಲಿನ ಹೊಣೆಯನ್ನು ಮತ್ತೆ ಹೊರಬಲ್ಲದೆಂಬುದಕ್ಕೆ ಇದು ಸಾಕ್ಷಿ. ಚನ್ನಪಟ್ಟಣ ಸೀಮೆಗೆ ಅತ್ಯಂತ ಉಪಯುಕ್ತವಾದ ಮಾದರಿ ಇದೇ ಎಂದು ನನ್ನ ಅಭಿಪ್ರಾಯ. 2023ರಲ್ಲಿ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಭಾಗದ ನೆಲದ ಬೆಲೆ, ಬಳಕೆಗಳು ವೇಗವಾಗಿ ಬದಲಾಗುತ್ತಿವೆ. ಬಡಾವಣೆಯ ನಕ್ಷೆಯಲ್ಲಿ ವೀರಗಲ್ಲಿಗೆ ಗುರುತಿಲ್ಲದಿದ್ದರೆ ಜೆಸಿಬಿಯ ಮುಂದೆ ಅದು ಬರಿಯ ಚಪ್ಪಡಿ.

ಉಪಸಂಹಾರ

ಚನ್ನಪಟ್ಟಣದ ಬೊಂಬೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆಲೆಮರವನ್ನು ಲೇತಿನಲ್ಲಿ ಕಡೆದು, ಬಣ್ಣದ ಅರಗನ್ನೊತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಈ ಕುಶಲಕಲೆಗೆ ಊರೆಲ್ಲ ಹೆಮ್ಮೆಪಡುತ್ತದೆ. ನವರಾತ್ರಿಯಲ್ಲಿ ಮನೆಯವರು ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ಮೆಟ್ಟಿಲ ಮೇಲೆ ಜೋಡಿಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ವರ್ಷಕ್ಕೊಮ್ಮೆಯ ಈ ಆರೈಕೆಯಿಂದಲೇ ಅಜ್ಜಿಯ ಕಾಲದ ಬೊಂಬೆ ಮೊಮ್ಮಗಳ ಕೈಗೆ ಬರುತ್ತದೆ. ಮನೆಯೊಳಗಿನ ಬೊಂಬೆಗೆ ಇರುವ ಈ ಕ್ರಮವೇ ಊರ ಬಯಲಿನ ಶಿಲ್ಪಕ್ಕೂ ಬೇಕಾದದ್ದು.

ಈ ಚರ್ಚೆಯಿಂದ ಕೆಲವು ಕಾರ್ಯಗಳು ಹೊಮ್ಮುತ್ತವೆ. ನಾಲ್ಕು ತಾಲ್ಲೂಕುಗಳ ವೀರಗಲ್ಲು, ಮಾಸ್ತಿಗಲ್ಲು, ಕರುವುಗಲ್ಲುಗಳನ್ನು ಅವು ಇರುವ ನೆಲೆಯಲ್ಲಿಯೇ ದಾಖಲಿಸಿ ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಸೇರಿಸಬೇಕು. ಶಿಲ್ಪ ಶಿಬಿರಗಳಲ್ಲಿ ರೂಪುಗೊಂಡ ಕೃತಿಗಳನ್ನು ಒಪ್ಪಿಸಿಕೊಳ್ಳುವ ಸಂಸ್ಥೆಗಳಿಂದ ಅವುಗಳ ಆರೈಕೆಯ ಹೊಣೆಯನ್ನು ಬರಹದಲ್ಲಿ ಪಡೆಯಬೇಕು. ಹೊಸ ಪ್ರತಿಮೆಯ ಅಂದಾಜು ಪಟ್ಟಿಯಲ್ಲಿ ಪೀಠ, ಲೋಹ, ಅನಾವರಣದ ಖರ್ಚಿನೊಂದಿಗೆ ಮುಂದಿನ ವರ್ಷಗಳ ನಿರ್ವಹಣೆಗೂ ಒಂದು ನಿಧಿಯನ್ನು ಇಡಬೇಕು. ಫಲಕದ ಮೇಲೆ ಶಿಲ್ಪಿಯ ಹೆಸರೂ ನೋಡಿಕೊಳ್ಳುವವರ ಹೆಸರೂ ಇರಬೇಕು.

ಇವು ಯಾವುವೂ ಹೊಸ ಸಲಹೆಗಳಲ್ಲ. ನಾಯಿಯೊಂದರ ನೆನಪಿಗೆ ಕಲ್ಲು ನಿಲ್ಲಿಸಿದ ಮಣಲೆರನ ಕಾಲದಲ್ಲಿಯೇ ಇವು ಆಚರಣೆಯಲ್ಲಿದ್ದವು. ಕಲ್ಲನ್ನು ನೆಡುವುದು ಒಂದು ದಿನದ ಕೆಲಸ. ಅದನ್ನು ನಡೆಸಿಕೊಂಡು ಹೋಗುವುದು ತಲೆಮಾರುಗಳ ಕೆಲಸ. ಮೊದಲನೆಯದಕ್ಕೆ ಬೇಕಾದ ಉತ್ಸಾಹ ನಮ್ಮ ಕಾಲದಲ್ಲಿ ಧಾರಾಳವಾಗಿದೆ. ಎರಡನೆಯದಕ್ಕೆ ಬೇಕಾದ ಕಟ್ಟಳೆಯನ್ನು ಮತ್ತೆ ರೂಢಿಸಿಕೊಂಡಲ್ಲದೆ ಇಂದು ನಿಲ್ಲಿಸಿದ ಶಿಲ್ಪಗಳು ನಾಳೆಯ ಚರಿತ್ರೆಗೆ ಆಕರಗಳಾಗಿ ಉಳಿಯಲಾರವು.